ಅರ್ಧಕ್ಕೆ ನಿಂತ ಅಪ್‌ಗ್ರೇಡ್

"ನಮಸ್ಕಾರ ಮೇಡಂ. ಸರ್ವರ್ ನೋಡ್ಬೋದಾ?"

ಮೇಡಂ! ನಯನ ಪರದೆಯಿಂದ ಕಣ್ಣು ತೆಗೆದಳು.

ತಿರುಗಿ ನೋಡುವ ಮೊದಲೇ ಆ ಧ್ವನಿ ಯಾರದೆಂದು ಅವಳಿಗೆ ಗೊತ್ತಾಗಿತ್ತು. ಒಂದು ಕಾಲದಲ್ಲಿ ಇದೇ ಕೋಣೆಯಲ್ಲಿ, ಇದೇ ಮೇಜಿನ ಆಚೆ ಕೂತು 'ನಯನಾ' ಎಂದು ಕರೆಯುತ್ತಿದ್ದ ಧ್ವನಿ. ಹೋದ ವರ್ಷ ಇದ್ದಕ್ಕಿದ್ದಂತೆ ಕೆಲಸ ಬಿಟ್ಟು, ಅವಳ ನಂಬರನ್ನೂ ಬ್ಲಾಕ್ ಮಾಡಿ ಹೊರಟುಹೋದ ಮಹಾನುಭಾವ ಈಗ ಹೆಗಲಿಗೆ ಬ್ಯಾಗ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ! ಸೊರಗಿದ್ದಾನೆ. ಗಡ್ಡ ಬಿಟ್ಟಿದ್ದಾನೆ. ಅದನ್ನೆಲ್ಲ ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

'ಇವನೇ ಬರಬೇಕಿತ್ತಾ? ಮೈಸೂರಲ್ಲಿ, ನಂಜನಗೂಡಲ್ಲಿ ಬೇರೆ ಯಾರೂ ಸಿಗಲಿಲ್ವಾ ಇವರಿಗೆ?'

ಸಿಗುತ್ತಿದ್ದರೋ ಏನೋ. ಆದರೆ ತಾಂಡ್ಯ ಕೈಗಾರಿಕಾ ಪ್ರದೇಶದ ಈ ಬಿಸ್ಕತ್ತು ಕಾರ್ಖಾನೆಗೆ ಸರ್ವರ್ ಹಾಕಿಕೊಟ್ಟವನೇ ರಾಹುಲ್. ಈಗ ನರಸೀಪುರದಲ್ಲಿ ಸ್ವಂತ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದಾನೆ. ಸರ್ವರ್ ಏಳದಿದ್ದರೆ ನಾಳೆ ಒಂದು ಲಾರಿಯೂ ಗೇಟು ದಾಟುವುದಿಲ್ಲ ಎಂದು ಹೆದರಿದ ಮ್ಯಾನೇಜರ್ ಗುರುಪ್ರಸಾದ್, ನಯನಳನ್ನು ಕೇಳದೆಯೇ ಅವನಿಗೆ ಫೋನ್ ಮಾಡಿದ್ದರು.

"ಏನಾಯ್ತು?" ರಾಹುಲ್ ಪರದೆಯನ್ನೇ ನೋಡುತ್ತಾ ಕೇಳಿದ.

"ಮೂಲ ಲೈಬ್ರರಿ ಅಪ್‌ಗ್ರೇಡ್ ಹಾಕಿದ್ದೆ. ಇವತ್ತು ಆಯುಧ ಪೂಜೆ, ಯಾರೂ ಕೆಲಸ ಮಾಡಲ್ಲ, ಆರಾಮಾಗಿ ಮುಗಿಯುತ್ತೆ ಅಂತ... ಅರ್ಧದಲ್ಲಿ ಕರೆಂಟ್ ಹೋಯ್ತು."

"ಯುಪಿಎಸ್ ಇತ್ತಲ್ಲ?"

ಬಾಗಿಲ ಬಳಿ ನಿಂತಿದ್ದ ಎಲೆಕ್ಟ್ರಿಷಿಯನ್ ಮಧುಕುಮಾರ್ ತಲೆ ಕೆರೆದುಕೊಂಡ. "ನಾನೇ ಆಫ್ ಮಾಡ್ದೆ ಸಾ. ಪೂಜೆ ಒತ್ನಲ್ಲಿ ಎಲ್ಲಾ ಮಿಸಿನ್ನೂ ನಿಂತಿರ್ಬೇಕಲ್ವಾ? ಯುಪಿಎಸ್‌ಗೂ ಈಬೂತಿ ಅಚ್ಚಿ, ಊವಿಟ್ಟು, ಆಮೇಲೆ ಆನ್ ಮಾಡ್ದೆ."

ಸರ್ವರಿನ ಹಣೆಯ ಮೇಲೂ ಮೂರು ಬೆರಳಿನ ವಿಭೂತಿ ರಾರಾಜಿಸುತ್ತಿತ್ತು. ರಾಹುಲ್, ನಯನ ಇಬ್ಬರಿಗೂ ಒಟ್ಟಿಗೇ ನಗು ಬಂತು. ಕಣ್ಣು ಕಣ್ಣು ಸೇರಿದವು... ಇಬ್ಬರೂ ಥಟ್ಟನೆ ನಗು ನುಂಗಿಕೊಂಡರು.

ಮಧುಕುಮಾರ್ ಮೆಲ್ಲಗೆ ಜಾರಿಕೊಂಡ.

ಎಲ್ಲಕ್ಕೂ ಆಧಾರವಾದ ಆ ಲೈಬ್ರರಿ ಫೈಲು ಇಲ್ಲದೆ ಸರ್ವರಿನ ಒಂದು ಪ್ರೋಗ್ರಾಮೂ ಅಲುಗಾಡುವುದಿಲ್ಲ. ಸ್ವಿಚ್ ಒತ್ತಿದರೆ ಕಪ್ಪು ಪರದೆ, ನಾಲ್ಕು ಸಾಲು ಎರರ್, ಅಷ್ಟೇ. ರಾಹುಲ್ ತನ್ನ ಪೆನ್ ಡ್ರೈವ್ ಚುಚ್ಚಿ ಅದರಿಂದಲೇ ಸರ್ವರನ್ನು ಎಬ್ಬಿಸಿದ. ಒಳಗಿನ ಡಿಸ್ಕ್ ತೆರೆದು ನೋಡಿದರೆ ಲೈಬ್ರರಿಯ ಫೈಲು ಖಾಲಿ! ಪೆನ್ ಡ್ರೈವಿನಲ್ಲಿದ್ದ ಹಳೆಯದನ್ನು ಅಲ್ಲಿ ಕೂರಿಸಿ ಮತ್ತೆ ಸ್ಟಾರ್ಟ್ ಮಾಡಿದ. ಮತ್ತೆ ಎರರ್.

"ಅರ್ಧ ಪ್ರೋಗ್ರಾಮ್ ಆಗಲೇ ಹೊಸದಾಗಿವೆ. ಹಳೇ ಲೈಬ್ರರಿ ಬೇಡ ಅಂತಿವೆ," ಎಂದು ಗೊಣಗಿದ.

ಸುಮ್ಮನಿರಬೇಕೆಂದುಕೊಂಡಿದ್ದ ನಯನಳಿಗೆ ತಡೆಯಲಾಗಲಿಲ್ಲ. "ಡೌನ್‌ಲೋಡ್ ಪೂರ್ತಿ ಆಗಿತ್ತು. ಇನ್‌ಸ್ಟಾಲ್ ಆಗ್ತಿದ್ದಾಗ ನಿಂತಿದ್ದು. ಹೊಸ ಪ್ಯಾಕೇಜ್ ಡಿಸ್ಕಲ್ಲೇ ಇರ್ಬೇಕಲ್ವಾ?"

ರಾಹುಲ್ ಹುಡುಕಿದ. ಇತ್ತು.

"ಒಳ್ಳೇದು ಮೇಡಂ," ಎಂದ.

ಆ ಮೇಡಂ ಎಂಬ ಮಾತು ಮತ್ತೆ ಚುಚ್ಚಿತು. 'ಹೊಗಳೋದಕ್ಕಿಂತ ಬೈದಿದ್ರೇ ಚೆನ್ನಾಗಿತ್ತು...'

ಇನ್‌ಸ್ಟಾಲ್ ಶುರುವಾಯಿತು. ಇನ್ನು ಕಾಯುವುದೊಂದೇ ಕೆಲಸ. ಅಷ್ಟರಲ್ಲಿ ಕ್ಯಾಂಟೀನಿನ ಮಲ್ಲಾಜಮ್ಮ ಎರಡು ಪೇಪರ್ ಲೋಟದಲ್ಲಿ ಕಾಫಿ ತಂದಳು.

"ಎಸ್ಟ್ ದಿನಾಯ್ತು ಸಾ ನಿಮ್ ಮಕ ನೋಡಿ! ತಕ್ಕಳಿ, ಆರೋಯ್ತದೆ."

"ಬೇಡ ಮಲ್ಲಾಜಮ್ಮ."

ಅವಳು ಒಂದು ಲೋಟ ನಯನಳ ಮುಂದಿಟ್ಟು ಹೋದಳು. ನಯನ ಕೊಂಕು ನುಡಿಯದೆ ಬಿಡಲಿಲ್ಲ. "ಕಾಫಿ ಇಲ್ದೆ ಕೀಬೋರ್ಡೇ ಮುಟ್ತಿರ್ಲಿಲ್ಲ. ಈಗ ಅದನ್ನೂ ಬಿಟ್ಟಾಯ್ತಾ?"

"ಕಾಫಿ ಬಿಟ್ಟಿಲ್ಲ. ಪೇಪರ್ ಲೋಟದಲ್ಲಿ ಕುಡಿಯಲ್ಲ."

"ಓಹೋ! ಯಾವಾಗಿನಿಂದ ಈ ಸ್ಟೈಲು?"

"ನಿಮ್ಮನೆಗೆ ಬಂದ ದಿನದಿಂದ."

ಅವಳಿಗೆ ಅರ್ಥವಾಗಲಿಲ್ಲ.

ಅವಳದು ನಂಜನಗೂಡಿನ ಲಿಂಗಾಯತರ ಮನೆ. ಅವನದು ಸೋಮನಾಥಪುರದ ಹತ್ತಿರದ ಹಳ್ಳಿಯಲ್ಲಿ, ಬುದ್ಧನ ಪಟಕ್ಕೆ ಕೈಮುಗಿಯುವ ದಲಿತರ ಮನೆ. ಮದುವೆ ಮಾತಾಡಲು ಅವನು ಬಂದಾಗ ಅವಳ ಅಪ್ಪ ಶಿವಮಲ್ಲಪ್ಪ, "ನಾವು ಅದೆಲ್ಲಾ ನೋಡೋರಲ್ಲ ಕಣಪ್ಪ" ಎಂದು ನಗುನಗುತ್ತಲೇ ಮಾತಾಡಿಸಿದ್ದರು. ನಯನ ಅಂದು ನೆಲದ ಮೇಲೆ ನಡೆದೇ ಇರಲಿಲ್ಲ!

"ನಿಮ್ಮಪ್ಪಂಗೆ ಸ್ಟೀಲ್ ಲೋಟ. ನಿಮ್ಮಣ್ಣಂಗೆ ಸ್ಟೀಲ್ ಲೋಟ. ನಡುವೆ ಬಂದ ಪಕ್ಕದ ಮನೆಯವರಿಗೂ ಸ್ಟೀಲ್ ಲೋಟ." ರಾಹುಲ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನನಗೊಬ್ಬನಿಗೇ ಪೇಪರ್ ಲೋಟ."

"ನಾನು... ನಾನು ನೋಡ್ಲಿಲ್ಲ ರಾಹುಲ್."

"ನೋಡ್ಲಿಲ್ವಾ?" ಅವನು ಈಗ ತಿರುಗಿದ. "ಆ ಪ್ಯಾಕೆಟ್ಟನ್ನ ನಿನ್ನ ಬ್ಯಾಗಿಂದ ನೀನೇ ತೆಗೆದು ಅಮ್ಮನ ಕೈಗೆ ಕೊಟ್ಟೆ. ನನ್ನ ಕಣ್ಣೆದುರಿಗೇ!"

ನಯನ ತನ್ನ ಮುಂದಿದ್ದ ಪೇಪರ್ ಲೋಟವನ್ನು ದೂರ ಸರಿಸಿದಳು.

ಹೌದು... ಕೊಟ್ಟಿದ್ದಳು. ಆ ದಿನ ಅಮ್ಮ ಫೋನ್ ಮಾಡಿ, "ಬರ್ತಾ ಒಂದ್ ಪ್ಯಾಕೆಟ್ ಪೇಪರ್ ಲೋಟ ತಕ್ಕಬಾ ಮಗ" ಎಂದಿದ್ದಳು. ಅಮ್ಮ ತನ್ನ ಹುಡುಗನ ಸತ್ಕಾರಕ್ಕೆ ಸಡಗರಪಡುತ್ತಿದ್ದಾಳೆ ಎಂದು ಹಿಗ್ಗಿ, ಅಂಗಡಿಯವನನ್ನು ಕಾಡಿಸಿ, ಹೂವಿನ ಚಿತ್ರವಿದ್ದದ್ದನ್ನೇ ಆರಿಸಿ ತಂದಿದ್ದಳು. ಪಕ್ಕದಲ್ಲೇ ಕೂತು ಹರಟಿದ್ದಳು. ಯಾರ ಕೈಯಲ್ಲಿ ಯಾವ ಲೋಟವಿದೆ ಎಂದು ನೋಡುವ ಅಗತ್ಯ ಅವಳಿಗೆ ಹುಟ್ಟಿದಾಗಿನಿಂದ ಒಮ್ಮೆಯೂ ಬಂದಿರಲಿಲ್ಲ.

ಆಮೇಲೆ ಇಡೀ ವರ್ಷ ಅವನನ್ನು ಮೋಸಗಾರ ಎಂದು ಶಪಿಸಿದ್ದಳು!

ಸರ್ವರ್ ಬೀಪ್ ಎಂದಿತು. ಇನ್‌ಸ್ಟಾಲ್ ಮುಗಿದಿತ್ತು. ರಾಹುಲ್ ಪೆನ್ ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿದ. ಸಾಲು ಸಾಲಾಗಿ ಅಕ್ಷರಗಳು ಓಡಿ, ಕೊನೆಗೆ ಲಾಗಿನ್ ಕೇಳಿತು.

"ಲಾರಿ ಹೊರಡ್ತವೆ ಬಿಡಿ. ಬರ್ತೀನಿ ಮೇಡಂ."

ಅವನು ಬ್ಯಾಗ್ ಹೆಗಲಿಗೇರಿಸಿದ. ಈಗ ಹೋದರೆ ಇವನು ಮತ್ತೆ ಬರುವುದಿಲ್ಲ! ನಯನ ಗಾಬರಿಯಿಂದ ಫೋನ್ ತೆಗೆದು ಮನೆಗೆ ಕರೆ ಮಾಡಿದಳು. ಸ್ಪೀಕರ್ ಆನ್ ಮಾಡಿದಳು.

"ಅಮ್ಮ, ರಾಹುಲ್ ಬಂದಾಗ ಪೇಪರ್ ಲೋಟ ಯಾಕೆ ತರಿಸ್ದೆ?"

"ಈಗ್ಯಾಕ್ ಮಗ ಅದು?" ಅಮ್ಮ ರುದ್ರಮ್ಮನ ದನಿಯಲ್ಲಿ ಕಪಟವಿರಲಿಲ್ಲ. "ನಿಮ್ಮಪ್ಪ ಏಳುದ್ರು ಕಣವ್ವ. ನಮ್ ಲೋಟ ದೇವರ ಮನೇಗೂ ಓಯ್ತವಲ್ಲ... ನಿಂಗೇಳುದ್ರೆ ಸುಮ್ನೆ ರಂಪ ಮಾಡ್ತಿದ್ದೆ, ಅದುಕ್ಕೇ ಏಳ್ಲಿಲ್ಲ. ಆ ಉಡ್ಗಂಗೂ ಬೇಜಾರಾಗ್ಬಾರ್ದು ಅಂತ ಊವಿನ ಲೋಟದಲ್ಲೇ ಕೊಟ್ನಲ್ಲ?"

ಬಾಗಿಲಲ್ಲಿ ರಾಹುಲ್ ನಿಂತೇಬಿಟ್ಟ.

"ಅವನಿಗೆ ಬೇಜಾರಾಯ್ತಮ್ಮ," ನಯನ ಅಳುತ್ತಲೇ ಹೇಳಿದಳು. "ತುಂಬಾ ಬೇಜಾರಾಯ್ತು."

"ಅಯ್ಯೋ, ಅಳ್ತಿದ್ದೀಯಾ? ಬಾ ಮಗ, ಒಬ್ಬಟ್ಟು ಮಾಡಿವ್ನಿ..."

"ನಾಳೆ ಬಂದು ಅಪ್ಪನ ಹತ್ರ ನಾನೇ ಮಾತಾಡ್ತೀನಿ. ಇವತ್ತು ಕಾಯ್ಬೇಡಿ."

ಫೋನ್ ಇಟ್ಟವಳೇ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅಮ್ಮ ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು! ಜಗಳವಾಡಿ ಎದ್ದು ಬರಬಹುದಿತ್ತು...

ರಾಹುಲ್ ಹತ್ತಿರ ಬಂದ. "ನಿನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ..."

"ಗೊತ್ತಾಗದೇ ಇದ್ದಿದ್ದೇ ನನ್ನ ತಪ್ಪು ಕಣೋ. ನಿನ್ನ ಪಕ್ಕದಲ್ಲೇ ಕೂತು ನಾನೂ ಸ್ಟೀಲ್ ಲೋಟದಲ್ಲೇ ಕುಡೀತಿದ್ದೆ! ಆದ್ರೆ ನೀನ್ಯಾಕೆ ಒಂದು ಮಾತು ಹೇಳ್ಲಿಲ್ಲ? ಬೈಬೋದಿತ್ತಲ್ಲ!"

"ಹೇಳೋಕೆ ಹೋಗಿ, ಒಂದು ಲೋಟಕ್ಕೆ ಇಷ್ಟೊಂದಾ ಅಂತ ನೀನು ನಕ್ಕುಬಿಟ್ಟಿದ್ರೆ?" ಅವನು ಬ್ಯಾಗ್ ಕೆಳಗಿಟ್ಟ. "ಅದನ್ನ ತಡ್ಕೊಳ್ಳೋ ಶಕ್ತಿ ಇರ್ಲಿಲ್ಲ ನಯನಾ. ಅದಕ್ಕೇ ಓಡಿಹೋದೆ. ನಿನ್ನನ್ನ ಒಂದು ಮಾತೂ ಕೇಳ್ದೆ ಓಡಿಹೋದೆ... ಅದು ನನ್ನ ತಪ್ಪು."

ಅವನೂ ಕಣ್ಣೊರೆಸಿಕೊಂಡ.

"ಅವ್ವಂಗೆ ಏನೂ ಹೇಳಿಲ್ಲ. ಚೆನ್ನಾಗಿ ನೋಡ್ಕೊಂಡ್ರು ಅಂದ್ಬಿಟ್ಟೆ. ಇವತ್ತು ಬೆಳಿಗ್ಗೇನೂ ಕೇಳ್ತು, ಆ ಮಗ ನಮ್ಮಟ್ಟಿಗೆ ಯಾವಾಗ್ಲಾ ಬತ್ತದೆ ಅಂತ."

ನಯನ ತಲೆಯೆತ್ತಿದಳು. "ಈಗ ಬರ್ಲಾ?"

"ಈಗ್ಲಾ?"

"ಪ್ರೀತಿಸ್ತೀನಿ ಕಣೋ ನಿನ್ನ. ಬೈಕೊಂಡು ಬೈಕೊಂಡೂ ನಿನ್ನನ್ನೇ ಪ್ರೀತಿಸ್ದೆ."

"ನಾನೂ... ಆದ್ರೆ ಇನ್ನೂ ನೋಯ್ತದೆ ನಯನಾ. ಇವತ್ತೇ ಹೋಗಲ್ಲ ಅದು."

"ಅದು ಹೋಗೋವರೆಗೂ ನಾನೂ ಹೋಗಲ್ಲ."

ಹೊರಗೆ ಬಿಸಿಲು ಇಳಿಯುತ್ತಿತ್ತು. ಗೇಟಿನ ಬಳಿ ರಾಹುಲ್ ಬೈಕ್ ಹತ್ತಿದ. ನಯನ ನಿಂತಲ್ಲೇ ನಿಂತಳು. ಆ ಮನೆಯ ಮಗನನ್ನು ತನ್ನ ಮನೆ ಹೇಗೆ ನೋಡಿತ್ತು! ಯಾವ ಮುಖ ಇಟ್ಟುಕೊಂಡು ಅಲ್ಲಿಗೆ ಹೋಗುವುದು?

"ಅವ್ವನ ಮುಂದೆ ನಿಂತು ಏನಂತ ಹೇಳ್ಲಿ ರಾಹುಲ್? ನಂಗೆ ಬಾಯೇ ಬರಲ್ಲ..."

"ಏನೂ ಹೇಳ್ಬೇಡ. ಹೊಟ್ಟೆ ಹಸೀತಿದೆ ಅವ್ವಾ ಅನ್ನು ಸಾಕು. ಮಿಕ್ಕಿದ್ದೆಲ್ಲ ಅವ್ವನೇ ನೋಡ್ಕೊತಾಳೆ."

ಅವಳು ಅಳುತ್ತಲೇ ಹಿಂದೆ ಕೂತು, ಅವನ ಬೆನ್ನಿಗೆ ಹಣೆ ಒತ್ತಿದಳು.

"ನಿಜವಾಗ್ಲೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಕಣೋ..."

"ಗೊತ್ತು ಕಣೇ. ಸರ್ವರ್ ಕೈಕೊಟ್ಟ ದಿನ ನೀನು ಯಾವತ್ತು ತಿಂದಿದ್ದೀಯ? ಅದಕ್ಕೇ ಹೇಳ್ದೆ."