ನಾಲ್ಕನೆಯ ಲೆಕ್ಕ

ಕಾಫಿ ಕುಡಿದು ಮರಳಿದಾಗ ಮೇಜಿನ ಮೇಲೆ ಪುಸ್ತಕ ಇರಲಿಲ್ಲ.

ಸೌದಾಮಿನಿ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಕಪಾಟು ತೆರೆದಳು. ಮತ್ತೆ ಮೇಜಿನ ಬಳಿ ಬಂದು ನಿಂತಳು.

"ಇಲ್ಲೇ ಇಟ್ಟಿದ್ದೆ," ಎಂದಳು, ತೀರಾ ಸಣ್ಣ ದನಿಯಲ್ಲಿ.

ಅದು 1953ರ ಒಂದು ಶನಿವಾರ ಮಧ್ಯಾಹ್ನ. ಕುಂಬಳೆ ಸಮೀಪದ ಆ ಶಾಲೆಯಲ್ಲಿ ನಾನು, ಶಿವಸುಬ್ರಹ್ಮಣ್ಯ, ಕನ್ನಡ ಪಂಡಿತ. ಲೆಕ್ಕಕ್ಕೂ ನನಗೂ ದೂರ. ಆದರೆ ಆ ಕೋಣೆಯ ಮೂಲೆಯಲ್ಲಿ ಕೂತು ಪ್ರಬಂಧ ತಿದ್ದುವುದು ನನ್ನ ವಾಡಿಕೆ. ಕಾಫಿಗೂ ಲೆಕ್ಕದ ಅಧ್ಯಾಪಕರ ಜೊತೆಗೇ ಹೋಗಿದ್ದೆ.

ಕಳೆದುಹೋದ ಪುಸ್ತಕ ಎಂತಹದು? ಮೂರು ಶಾಲೆಗಳ ಗಣಿತದ ಅಧ್ಯಾಪಕರು ಶನಿವಾರಗಳಂದು ಕೂಡಿ, ಏಳನೆಯ ತರಗತಿಯ ತ್ರೈರಾಶಿಗೆ ಒಂದೇ ಪಾಠಯೋಜನೆ ಬರೆಯುತ್ತಿದ್ದರು. ಲೆಕ್ಕಗಳನ್ನು ಮೂವರೂ ಸೇರಿ ಮಾಡುವುದು. ತಂತಮ್ಮ ತರಗತಿಯಲ್ಲಿ ಕೊಟ್ಟು ನೋಡುವುದು. ಮಕ್ಕಳು ಎಲ್ಲಿ ಎಡವಿದರೆಂದು ಪುಸ್ತಕದಲ್ಲಿ ಬರೆದು ಸಹಿ ಹಾಕುವುದು. ಸೋಮವಾರ ಇನ್‌ಸ್ಪೆಕ್ಟರರು ಅದನ್ನು ನೋಡುವವರು; ಅವರ ಕಾಗದವನ್ನು ನಮ್ಮ ಮುಖ್ಯೋಪಾಧ್ಯಾಯಿನಿ ಆಗಷ್ಟೇ ಎಲ್ಲರಿಗೂ ಓದಿ ಹೇಳಿದ್ದರು. ಒಪ್ಪಿದರೆ ನಮ್ಮ ಶಾಲೆಯ ಸೌದಾಮಿನಿಯ ಕೆಲಸ ಖಾಯಂ. ಇಲ್ಲವಾದರೆ ಮಾರ್ಚಿಗೆ ಅವಳು ಮನೆಗೆ. ಪುಸ್ತಕದ ಜವಾಬ್ದಾರಿಯೂ ಅವಳದೇ.

ಮುಖ್ಯೋಪಾಧ್ಯಾಯಿನಿ ವಸುಮತಿಯಮ್ಮ ಬಂದರು.

"ಕೋಣೆಗೆ ಯಾರು ಬಂದಿದ್ದರು?"

"ನಾವು ಮೂವರೇ," ಎಂದ ಕಡಲ ಬದಿಯ ಶಾಲೆಯ ಜಯಪಾಲ. "ನಾನು ಕೊಡೆ ಮರೆತು ಒಮ್ಮೆ ಬಂದೆ. ಸೌದಾಮಿನಿ ಕಿಟಕಿ ಹಾಕಲಿಕ್ಕೆ ಬಂದರು. ಮಾಷ್ಟ್ರು ಎಲೆಅಡಿಕೆಗೆ ಬಂದರು."

ಮಾಷ್ಟ್ರು ಅಂದರೆ ತಿರುಮಲೇಶ್ವರ, ಪೈವಳಿಕೆ ಕಡೆಯವರು, ಹಿರಿಯರು.

"ಹತ್ತು ಕೈ ಸೇರಿದ ಅಡಿಗೆ ಹೀಗೇ," ಎಂದರು ಅವರು. "ಮೂವತ್ತು ವರ್ಷ ಒಬ್ಬನೇ ಪಾಠ ಮಾಡಿದ್ದೇನೆ. ಎಂತದೂ ಕಳೆದುಹೋಗಿಲ್ಲ."

"ಕಳೆದುಹೋಗಲಿಕ್ಕೆ ಮೊದಲು ಎಂತಾದರೂ ಬರೆದಿರಬೇಕಲ್ಲ, ಮಾಷ್ಟ್ರೇ?" ಜಯಪಾಲ ವಸುಮತಿಯಮ್ಮನ ಕಡೆ ತಿರುಗಿದ. "ಚೀಲ ನೋಡಿಬಿಡಿ. ನನ್ನದರಿಂದಲೇ ಸುರು ಮಾಡಿ."

"ಬೇಡ. ಚೀಲ ಹುಡುಕಿದರೆ ಪುಸ್ತಕ ಸಿಕ್ಕೀತು. ಮುಂದಿನ ಶನಿವಾರ ಈ ಮೇಜಿಗೆ ಯಾರೂ ಬರಲಿಕ್ಕಿಲ್ಲ."

ಲೆಕ್ಕಗಳ ಕರಡು ಹಾಳೆಯೊಂದು ಮೇಜಿನ ಮೇಲೆ ಉಳಿದಿತ್ತು. ವಸುಮತಿಯಮ್ಮ ಅದನ್ನು ಮೆಲ್ಲನೆ ಓದಿದರು. ನಾಲ್ಕನೆಯದರ ಹತ್ತಿರ ಬೆರಳು ನಿಂತಿತು: ‘ಒಂದು ಮನೆಗೆ ದಿನಕ್ಕೆ ಮೂರು ಸೇರು ಅಕ್ಕಿ ಬೇಕು. ಒಂದು ಮುಡಿ ಅಕ್ಕಿ ಎಷ್ಟು ದಿನಕ್ಕೆ ಸಾಕು?’ ಮುಡಿ ಅಂದರೆ ನಮ್ಮ ಕಡೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಮೂಟೆ.

"ಒಬ್ಬೊಬ್ಬರಾಗಿ ಜಗಲಿಗೆ ಬನ್ನಿ. ಪಂಡಿತರೇ, ನೀವೂ ಇರಿ."

ಎಲ್ಲರಿಗೂ ಒಂದೇ ಪ್ರಶ್ನೆ—ನಾಲ್ಕನೆಯ ಲೆಕ್ಕ ನಿಮ್ಮ ಮಕ್ಕಳು ಹೇಗೆ ಮಾಡಿದರು? ಕಳವಿಗೂ ಅದಕ್ಕೂ ಎಂತ ಸಂಬಂಧ? ನನಗೆ ತಿಳಿಯಲಿಲ್ಲ.

"ಗಲಾಟೆಯೇ ಆಯ್ತು, ಅಮ್ಮ," ಎಂದಳು ಸೌದಾಮಿನಿ. "ಅರ್ಧ ಮಕ್ಕಳು ಹದಿನಾಲ್ಕು ದಿನ ಅಂದರು. ಉಳಿದವರು ಹದಿಮೂರು ದಿನ, ಮೇಲೆ ಒಂದು ಸೇರು ಅಂದರು. ಮಾಷ್ಟ್ರ ಮಕ್ಕಳು ಎಲ್ಲರೂ ಸರಿ ಮಾಡಿದ್ದಾರೆ. ಪುಸ್ತಕದಲ್ಲಿ ಅದನ್ನು ಓದಿ ನನಗೆ ನಾಚಿಕೆ ಆಯ್ತು."

"ಅದರ ಸುದ್ದಿ ಬೇಡ," ಎಂದ ಜಯಪಾಲ. "ಕಿನ್ನಿ ಅಂತ ಒಬ್ಬಳು ಹುಡುಗಿ ಉಂಟು. ಎದ್ದು ನಿಂತು, ಯಾವ ಮುಡಿ ಅಂತ ಕೇಳಿದಳು. ನಾನು ಬಾಯಿ ಮುಚ್ಚಿ ಕೂತ್ಕೊ ಅಂದೆ."

"ಎಲ್ಲರೂ ಹದಿನಾಲ್ಕು ಅಂದರು," ಎಂದರು ತಿರುಮಲೇಶ್ವರ. "ಒಬ್ಬನೂ ಒಂದು ಮಾತು ಕೇಳಲಿಲ್ಲ."

ವಸುಮತಿಯಮ್ಮ ಒಳಗೆ ಬಂದು ಕೂತರು.

"ಪಂಡಿತರೇ, ನಿಮ್ಮಲ್ಲಿ ಮುಡಿಗೆ ಎಷ್ಟು ಸೇರು?"

"ನಲವತ್ತೆರಡು."

"ನನ್ನ ತಾಯಿಮನೆ ಪೈವಳಿಕೆ ಕಡೆ. ಪೇಟೆಯ ಮುಡಿ ನಲವತ್ತೆರಡು, ನಮ್ಮ ಮನೆಯದ್ದು ನಲವತ್ತು. ಅಕ್ಕಿ ಅಳೆಯುವಾಗ ಎದುರು ಕೂತು ಎಣಿಸುವವರೇ ಮಕ್ಕಳು. ಈ ಹಾಳೆಯಲ್ಲಿ ಮುಡಿಗೆ ಎಷ್ಟು ಸೇರು ಅಂತ ಇಲ್ಲವೇ ಇಲ್ಲ. ಯಾರಿಗೆ ಗೊತ್ತಿಲ್ಲ ಅಂತ ನೀವು ಮೂವರೂ ಬಿಟ್ಟಿದ್ದೀರಿ."

ಮೂವರೂ ಹಾಳೆಯತ್ತ ನೋಡಿದರು.

"ಕಲಿಸಿದ ಎರಡು ಕಡೆ ಜಗಳ ಆಯಿತು. ಪೈವಳಿಕೆಯಲ್ಲೂ ಎರಡು ಬಗೆಯ ಮುಡಿ ಉಂಟು, ಅಲ್ಲಿ ಮಾತ್ರ ಒಂದು ಮಾತೂ ಇಲ್ಲ. ಹೇಗೆ? ತರಗತಿಯಲ್ಲಿ ಕೊಟ್ಟೇ ಇಲ್ಲ—ಅದಕ್ಕೆ. ಇನ್‌ಸ್ಪೆಕ್ಟರರು ಸೋಮವಾರ ಮೊದಲು ನಿಮ್ಮಲ್ಲಿಗೇ ಬಂದು, ಪುಸ್ತಕ ಹಿಡಿದು ಮಕ್ಕಳನ್ನು ಕೇಳ್ತಾರೆ. ಅವರ ಕಾಗದ ನಾನು ನಿಮಗೆಲ್ಲ ಓದಿ ಹೇಳಿದ್ದು ಕಾಫಿಗೆ ಸ್ವಲ್ಪ ಮೊದಲು. ಪುಸ್ತಕ ತೆಗೆದವರು ನೀವೇ, ತಿರುಮಲೇಶ್ವರ ಮಾಷ್ಟ್ರೇ."

ಮಾಷ್ಟ್ರು ತಮ್ಮ ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.

"ಮೂವತ್ತು ವರ್ಷ ಮಗ್ಗಿ ಹೇಳಿಸಿದೆ," ಎಂದರು. "ಮಕ್ಕಳು ತಿರುಗಿ ಕೇಳಿದರೆ ಎಂತ ಹೇಳುವುದು? ನನಗೆ ಗೊತ್ತಿಲ್ಲ."

"ನನಗೂ ಗೊತ್ತಿರಲಿಲ್ಲ," ಎಂದ ಜಯಪಾಲ. "ಅದನ್ನೇ ಬರೆದೆ."

ಸೌದಾಮಿನಿ ಆ ಪುಟ ತೆರೆದು ಲೇಖನಿ ಮುಂದಿಟ್ಟಳು. ಮಾಷ್ಟ್ರು ತಮ್ಮ ಸಾಲು ಹೊಡೆದು ಹಾಕಿ ಬರೆದರು: ‘ಈ ಲೆಕ್ಕ ನಾನು ಕಲಿಸಿಲ್ಲ.’ ಕೆಳಗೆ ಸಹಿ. ಬರೆದಾದ ಮೇಲೆ ಅವರಿಗೆ ಹೊಳೆಯಿತು.

"ಇನ್‌ಸ್ಪೆಕ್ಟರರು ಇದನ್ನು ನೋಡಿದರೆ ನಿನ್ನ ಕೆಲಸ ಎಂತಾದೀತು, ಮಗಾ?"

"ಸುಳ್ಳು ಯೋಜನೆಗೆ ಸಿಕ್ಕಿದ ಕೆಲಸ ನನಗೆ ಎಂತಕ್ಕೆ? ಸೋಮವಾರ ಮೊದಲ ಬಸ್ಸಿಗೆ ನಾನು ನಿಮ್ಮಲ್ಲಿಗೆ ಬರ್ತೇನೆ. ಇನ್‌ಸ್ಪೆಕ್ಟರರ ಎದುರಿಗೇ ಈ ಲೆಕ್ಕ ಕೊಡುವ."

"ಜಗಳ ಆಗ್ತದಲ್ಲ?"

"ಆಗಲಿ, ಮಾಷ್ಟ್ರೇ. ಅವರೂ ಕೇಳಲಿ."