ಗೇಣುದ್ದದ ಸೂತ್ರ

ಬಹಳ ಬಹಳ ಹಿಂದೆ, ಹೊಂಬಾಳೆಪುರ ಎಂಬ ರಾಜ್ಯದಲ್ಲಿ ಕೆಂಚಪ್ಪ, ದೇವೀರಿ ಎಂಬ ಗಂಡ ಹೆಂಡತಿ ಇದ್ದರು. ದೇವೀರಿ ಗೊಂಬೆ ಕೆತ್ತುವಳು, ಕೆಂಚಪ್ಪ ಕುಣಿಸುವನು. ಹಾಲೆಮರ ತಂದು ನೆರಳಲ್ಲಿ ಒಣಗಿಸಿ, ಅವಳು ಮೂಗು ಬಾಯಿ ತೀಡಿ ಬಣ್ಣ ಬಳಿಯುವಳು. ಅವನು ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ಅದಕ್ಕೆ ಗೊಂಬೆಯ ಸೂತ್ರ ಕಟ್ಟಿ, ಕಾಲಿಗೆ ಗೆಜ್ಜೆ ಬಿಗಿದು, ಪರದೆಯ ಹಿಂದೆ ತಾನೂ ಕುಣಿಯುವನು. ಅವನ ಗೊಂಬೆ ಅತ್ತರೆ ಊರೇ ಅಳುತ್ತಿತ್ತು. ದೇವೀರಿಗೆ ಮಾತ್ರ ಕುಣಿಸಲು ಬಾರದು. ಒಮ್ಮೆ ಸಿಂಬಿ ಹೊತ್ತವಳು ರಾಣಿಗೊಂಬೆಯನ್ನು ರಾಜಗೊಂಬೆಯ ಮೇಲೆ ಕೆಡವಿ, ಎರಡರ ಮೂಗನ್ನೂ ಮುರಿದು, ಆಮೇಲೆ ಆ ಕಡೆ ತಲೆ ಹಾಕಿದವಳಲ್ಲ.

ಅರಮನೆಯಲ್ಲಿ ಗರಳಾಕ್ಷನೆಂಬ ಮಾಂತ್ರಿಕನಿದ್ದ. ಅವನು ಚಿಟಿಕೆ ಹೊಡೆದರೆ ಸೂತ್ರವಿಲ್ಲದೆಯೇ ಗೊಂಬೆಗಳು ಗಾಳಿಯಲ್ಲಿ ಹಾರಾಡುತ್ತಿದ್ದವು. ಜನ ಬಾಯಿ ಬಿಟ್ಟು ನೋಡುತ್ತಿದ್ದರು, ಸ್ವಲ್ಪ ಹೊತ್ತಿಗೆ ಆಕಳಿಸಿ ಎದ್ದು ಹೋಗುತ್ತಿದ್ದರು. ಹೀಗಿರುವಾಗ ಒಂದು ದಿನ ಕೆಂಚಪ್ಪನ ಆಟ ನೋಡಿ ರಾಜ ಕಣ್ಣೊರೆಸಿಕೊಂಡ. ಇಡೀ ಸಭೆ ಚಪ್ಪಾಳೆ ತಟ್ಟಿತು. ಗರಳಾಕ್ಷನ ಹೊಟ್ಟೆಗೆ ಬೆಂಕಿ ಬಿತ್ತು. ಒಂದು ಹಿಡಿ ಬೂದಿ ತೂರಿದ. ಕೆಂಚಪ್ಪ ನಿಂತಲ್ಲೇ ಮರದ ಗೊಂಬೆಯಾದ. ಚಪ್ಪಾಳೆ ತಟ್ಟಿದವರೆಲ್ಲ, ರಾಜ ರಾಣಿ ಸಮೇತ, ಮರದ ಗೊಂಬೆಗಳಾದರು. ಪರದೆಯ ಹಿಂದಿದ್ದ ದೇವೀರಿಯ ಕೈಯಲ್ಲಿ ಹಸಿ ಬಣ್ಣವಿತ್ತು, ಚಪ್ಪಾಳೆ ತಟ್ಟಿರಲಿಲ್ಲ. ಅವಳೊಬ್ಬಳು ಉಳಿದಳು.

ಅವಳು ಮಾಂತ್ರಿಕನ ಮುಂದೆ ಹೋಗಿ ನಿಂತಳು.

"ನನ್ ಗಂಡನ್ನ ಕೊಟ್ಬುಡು ಸ್ವಾಮಿ. ಅವ್ನು ನಿಂಗೇನ್ ಮಾಡಿದ್ದ?"

"ಮೂರು ಪರೀಕ್ಷೆ ಕೊಡ್ತೀನಿ," ಎಂದ ಗರಳಾಕ್ಷ. "ಗೆದ್ದರೆ ಎಲ್ಲರೂ ಮನುಷ್ಯರಾಗ್ತಾರೆ. ಸೋತರೆ ನೀನೂ ಮರ."

ಮೊದಲನೆಯ ಪರೀಕ್ಷೆ. ಅವನು ಚಿಟಿಕೆ ಹೊಡೆದ. ಅಂಗಳದಲ್ಲಿ ನೂರು ಕೆಂಚಪ್ಪಗೊಂಬೆಗಳು ಸಾಲಾಗಿ ನಿಂತವು. ಅದೇ ಮೀಸೆ, ಅದೇ ರುಮಾಲು. "ನಿನ್ನ ಗಂಡ ಯಾರು, ಹೇಳು."

ದೇವೀರಿ ಮುಖ ನೋಡಲೇ ಇಲ್ಲ. ಒಂದೊಂದೇ ರುಮಾಲು ಬಿಚ್ಚುತ್ತ ಹೋದಳು. ಇಪ್ಪತ್ತು ವರ್ಷ ಸಿಂಬಿ ಹೊತ್ತ ತಲೆಯಲ್ಲಿ ಕೂದಲು ಸವೆದು ಬಳೆಯಂಥ ಗುರುತು ಬಿದ್ದಿರುತ್ತದೆ. ರುಮಾಲಿನ ಕೆಳಗೆ ಏನಿದೆಯೆಂದು ಮಾಂತ್ರಿಕನಿಗೆ ಗೊತ್ತಿರಲಿಲ್ಲ. ಅರವತ್ತೆಂಟನೆಯ ತಲೆಯಲ್ಲಿ ಗುರುತು ಸಿಕ್ಕಿತು. ದೇವೀರಿ ಅದನ್ನು ಸವರಿ, "ಇವ್ನೇ," ಎಂದಳು. ಉಳಿದ ತೊಂಬತ್ತೊಂಬತ್ತೂ ಹೊಗೆಯಾಗಿ ಹೋದವು.

ಎರಡನೆಯ ಪರೀಕ್ಷೆ. ಸಿಂಹದ ಮೈ, ಆನೆಯ ಸೊಂಡಿಲಿನ ಯಾಳಿಯೊಂದು ಬಂದು ಕೂತಿತು. "ಇದು ಹುಟ್ಟಿದಾಗಿನಿಂದ ನಕ್ಕಿಲ್ಲ. ನಗಿಸು," ಎಂದ ಗರಳಾಕ್ಷ.

ದೇವೀರಿ ಸೋರೆಬುರುಡೆಯಲ್ಲಿ ಒಂದು ಮುದುಕಿಗೊಂಬೆ ಮಾಡಿದಳು. ಗಾಬರಿಯಲ್ಲಿ ಎಡಗೈ ಸೂತ್ರ ಬಲಕ್ಕೆ, ಬಲಗೈಯದು ಎಡಕ್ಕೆ ಕಟ್ಟಿಬಿಟ್ಟಳು. ಮುದುಕಿ ನಮಸ್ಕಾರ ಮಾಡಲು ಹೋಗಿ ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡಳು. ಸೆರಗು ಸರಿಮಾಡಲು ಹೋಗಿ ಮೂಗು ಹಿಡಿದುಕೊಂಡಳು. "ಅಯ್ಯೋ, ಇವ್ಳ ಮನೆ ಹಾಳಾಗ, ನೆಟ್ಟಗ್ ನಿಲ್ಲೇ!" ಎಂದು ದೇವೀರಿ ಗದರಿದ್ದೇ ತಡ, ಯಾಳಿ ಸೊಂಡಿಲು ಬಡಿದು ಬಡಿದು ನಕ್ಕಿತು. ಹೊಟ್ಟೆ ಹಿಡಿದುಕೊಂಡು ಉರುಳಾಡಿತು. ಬಾರದ ವಿದ್ಯೆಯೂ ಒಮ್ಮೊಮ್ಮೆ ಹೀಗೆ ಕಾಪಾಡುತ್ತದೆ.

ಮೂರನೆಯ ಪರೀಕ್ಷೆ. "ನಿನ್ನ ಗಂಡನ ಗೊಂಬೆಯನ್ನು ಅಂಗಳದ ಸುತ್ತ ಮೂರು ಸುತ್ತು ಕುಣಿಸು. ಒಮ್ಮೆಯೂ ಬೀಳಬಾರದು."

ದೇವೀರಿ ಸಿಂಬಿ ಇಟ್ಟು ಸೂತ್ರ ಕಟ್ಟಿ, ಎತ್ತಿ ನೋಡಿದಳು. ಆಳೆತ್ತರದ ಗಟ್ಟಿಮರ. ಕತ್ತು ಮುರಿಯಿತೇನೋ ಅನ್ನಿಸಿತು. ಗರಳಾಕ್ಷ ನಯವಾಗಿ ಉಳಿ ಕೊಡತಿ ಮುಂದೆ ಚಾಚಿದ.

"ಗೊಂಬೆ ಭಾರವಾದರೆ ನಿಮ್ಮವರು ಏನು ಮಾಡ್ತಾರೆ? ಎದೆ ಕೊರೆದು ಟೊಳ್ಳು ಮಾಡ್ತಾರೆ. ಮಾಡು. ಹಗುರವಾಗ್ತಾನೆ."

ಅದು ನಿಜ. ದೇವೀರಿಯೇ ನೂರಾರು ಗೊಂಬೆಗಳ ಎದೆ ಕೊರೆದವಳು. ಉಳಿಯನ್ನು ಗಂಡನ ಎದೆಯ ಮೇಲೆ ಇಟ್ಟಳು, ಕೊಡತಿ ಎತ್ತಿದಳು. ಕೈ ಇಳಿಯಲಿಲ್ಲ. ನೂರಾರು ಎದೆ ಕೊರೆದ ಕೈ ಅಲ್ಲೇ ನಿಂತುಬಿಟ್ಟಿತು. ಉಳಿ ಎಸೆದು ಗಳಗಳನೆ ಅತ್ತಳು.

ಆಮೇಲೆ ಮೂಗು ಸೀಟಿ, ಸೂತ್ರವನ್ನು ಗೇಣುದ್ದಕ್ಕೆ ಕತ್ತರಿಸಿದಳು. ಗಂಡನ ಬೆನ್ನಿಗೆ ತನ್ನ ಎದೆ ಆನಿಸಿ ನಿಂತು, ಅವನ ಕಾಲಿಗೆ ತನ್ನ ಕಾಲು, ಅವನ ಕೈಗೆ ತನ್ನ ಕೈ ಕಟ್ಟಿದಳು.

"ಇದೆಂಥ ಆಟ?" ಎಂದು ಗರಳಾಕ್ಷ ಕಿರುಚಿದ. "ಸೂತ್ರ ಇಷ್ಟು ಗಿಡ್ಡ ಇರುತ್ತೇನು?"

"ಎಷ್ಟುದ್ದ ಇರ್ಬೇಕು ಅಂತ ನೀನ್ ಹೇಳ್ಲಿಲ್ವಲ್ಲ," ಎಂದಳು ದೇವೀರಿ.

ಹೆಜ್ಜೆ ಎತ್ತಿದಳು. ಗೊಂಬೆಯೂ ಎತ್ತಿತು. ತೈ ಎಂದಳು, ತಕ ಎಂದಳು. ಮೊದಲ ಸುತ್ತಿಗೆ ಬೆವರು ಕಿತ್ತುಕೊಂಡಿತು. ಎರಡನೆಯ ಸುತ್ತಿಗೆ ದಾರ ಕೊಯ್ದು ಕಣಕಾಲಿನಲ್ಲಿ ರಕ್ತ ಬಂತು. ಮೂರನೆಯ ಸುತ್ತಿನ ಅರ್ಧದಲ್ಲಿ ಮೊಣಕಾಲು ಕುಸಿಯತೊಡಗಿತು. "ಇನ್ನಾಗಲ್ಲ ಕಣೋ, ನನ್ ಕೈಲಿ ಇನ್ನಾಗಲ್ಲ," ಎಂದು ಗಂಡನ ಮರದ ಹೆಗಲಿಗೆ ಹಣೆ ಒತ್ತಿದಳು. ಕಾಲು ಎತ್ತಲು ಅವಳಲ್ಲಿ ಶಕ್ತಿಯೇ ಉಳಿದಿರಲಿಲ್ಲ.

ಆಗ ಅವಳ ಕಾಲು ಮೇಲೆದ್ದಿತು. ಅವಳು ಎತ್ತಿರಲಿಲ್ಲ. ಮುಂದಿದ್ದ ಕಾಲು ಎತ್ತಿತ್ತು.

ಗೊಂಬೆಯೇ ಅವಳನ್ನು ಹೊತ್ತು ಒಂದೊಂದೇ ಹೆಜ್ಜೆ ಇಡುತ್ತ ಸುತ್ತು ಮುಗಿಸಿತು. ಹಣೆಗೆ ತಾಗಿದ ಹೆಗಲು ಬೆಚ್ಚಗಾಯಿತು. ರಾಜ ಕಣ್ಣುಜ್ಜಿಕೊಂಡ, ರಾಣಿ ಸೀನಿದಳು, ಇಡೀ ಸಭೆ ಮೈಮುರಿದು ಎದ್ದಿತು. ಗರಳಾಕ್ಷ ಚಿಟಿಕೆ ಹೊಡೆದ, ಮತ್ತೆ ಹೊಡೆದ. ಏನೂ ಆಗಲಿಲ್ಲ. ಅಲ್ಲಿ ಉಳಿದಿದ್ದವನು ಒಬ್ಬ ಒಂಟಿ ಮುದುಕ, ಅಷ್ಟೆ. ಅವನು ಅಳುತ್ತಿದ್ದ. ದೇವೀರಿಗೆ ಅವನನ್ನು ಕಂಡು ಅಯ್ಯೋ ಅನ್ನಿಸಿತು. "ಮರ ಉಜ್ಜೋಕೆ ಬತ್ತೀಯಾ ತಾತ? ಊಟ ಹಾಕ್ತೀನಿ," ಎಂದಳು. ಅವನು ಹೂಂ ಎಂದು ತಲೆಯಾಡಿಸಿದ.

ಹೊಂಬಾಳೆಪುರದಲ್ಲಿ ಆಮೇಲೆ ಯಾರೂ ಮರವಾಗಲಿಲ್ಲ, ಯಾಳಿಯೂ ಸೇರಿ ಎಲ್ಲರೂ ನಗುನಗುತ್ತ ಬಾಳಿದರು. ಆದರೆ ಆ ದಿನ ಅಂಗಳದಲ್ಲಿ, ಕಾಲಿನ ಗಂಟು ಬಿಚ್ಚುವುದಕ್ಕೂ ಮೊದಲು, ಕೆಂಚಪ್ಪ ಕತ್ತು ಹೊರಳಿಸಿ ಹೆಂಡತಿಗೆ ಹೇಳಿದ ಮೊದಲ ಮಾತು ಇದು:

"ಎರಡ್ನೇ ಸುತ್ತಲ್ಲಿ ತಾಳ ತಪ್ದೆ ಕಣೇ."

ದೇವೀರಿ ಅಳುತ್ತಲೇ ಅವನ ಪಕ್ಕೆಗೆ ಒಂದು ಗುದ್ದು ಕೊಟ್ಟಳು. ಕೈಗೆ ಕೈ ಕಟ್ಟಿದ್ದರಿಂದ ಅವನ ಕೈಯೂ ಜೊತೆಗೆ ಬಂದು ಅವನಿಗೇ ಗುದ್ದಿತು.