ನಾಲ್ಕಿಲ್ಲದ ಕಟ್ಟಡ

ಚಂಡಮಾರುತ ಕಳೆದ ಬೆಳಿಗ್ಗೆ, ಗಂಜಿ ಮಾರುವ ಹಿಂಗಕ್ಕ ತನ್ನ ತಳ್ಳುಗಾಡಿಯ ಪಕ್ಕದಲ್ಲೇ ಸತ್ತುಬಿದ್ದಿದ್ದಳು. ಕೌಲೂನಿನ ಆ ಹೊಸ ಕಟ್ಟಡದ ತುತ್ತತುದಿಯ, ಮೂವತ್ತೊಂಬತ್ತನೇ ಮಹಡಿಯ ಮೂಲೆಯಿಂದ ಆಳೆತ್ತರದ ಗಾಜೊಂದು ಚೌಕಟ್ಟು ಸಮೇತ ಕಿತ್ತು ಬಂದಿತ್ತು. ಬಿರುಗಾಳಿಯ ಎಚ್ಚರಿಕೆ ಹಿಂತೆಗೆದರೆಂದು ನಂಬಿ ಒಲೆ ಹಚ್ಚಲು ಬಂದವಳು, ಪಾಪ.

ಇನ್ಸ್‌ಪೆಕ್ಟರ್ ಮೋಕ್ ಸಿಯು-ಲಾಮ್ ಮೇಲೆ ಹೋಗಿ ನೋಡಿದಳು. ಗಾಜು ಹಿಡಿದಿದ್ದ ಉಕ್ಕಿನ ಬ್ರಾಕೆಟ್ ದೋಸೆಯಂತೆ ಮಡಚಿಕೊಂಡಿತ್ತು.

"ಇಷ್ಟು ತೆಳ್ಳಗಿನದ್ದಾ?"

"ಅಲ್ಲ ಮೇಡಂ." ಗಾಜಿನ ಹೊರಮೈ ವಿನ್ಯಾಸ ಮಾಡಿದ ಇಂಜಿನಿಯರ್ ಫಂಗ್ ಬಗ್ಗಿ ಅದನ್ನು ಮುಟ್ಟಿ ನೋಡಿದಳು. "ಗಾಳಿ ಗಾಜನ್ನ ಒಳಕ್ಕೆ ತಳ್ಳತ್ತೆ ಅಂದ್ಕೋತಾರೆ ಎಲ್ರೂ. ಮೂಲೆ ಸುತ್ತುವಾಗ ಅದು ಹೊರಕ್ಕೆ ಎಳೆಯತ್ತೆ. ಎತ್ತರ ಹೋದಷ್ಟೂ ಎಳೆತ ಜಾಸ್ತಿ. ಇಪ್ಪತ್ತೆಂಟನೇ ಮಹಡಿಯಿಂದ ತುದೀವರೆಗೆ ಮೂಲೆಗಳಿಗೆ ದಪ್ಪದ್ದೇ ಹಾಕಿ ಅಂತ ನಕ್ಷೇಲಿ ತೋರಿಸಿದ್ದೆ."

"ಎಲ್ಲಾ ಆ ಲುಯಿ ಮೇಸ್ತ್ರಿ ಕೆಲಸ!" ಗುತ್ತಿಗೆ ಕಂಪನಿಯ ಮ್ಯಾನೇಜರ್ ಯೌ ಹಲ್ಲು ಕಡಿದ. "ಮಾಲು ಪೂರ್ತಿ ತರಿಸಿಕೊಟ್ಟಿದ್ದೆ. ಮಾಜಾಂಗ್ ಜೂಜಿನ ಚಟ ಅವನಿಗೆ. ನಾಲ್ಕು ಮಹಡಿ ಮಾಲು ಗುಜರಿಗೆ ಹಾಕಿ ನುಂಗಿ ನೀರು ಕುಡಿದಿದ್ದಾನೆ."

ಪಕ್ಕದಲ್ಲಿದ್ದ ಪೇದೆ ಮುಖ ಸಿಂಡರಿಸಿದ. ಇಲ್ಲಿಯ ಚೀನೀ ಮಾತಿನಲ್ಲಿ ನಾಲ್ಕು ಅಂದರೂ ಸಾವು ಅಂದರೂ ಕಿವಿಗೆ ಹೆಚ್ಚುಕಮ್ಮಿ ಒಂದೇ. ಹೆಣ ಇನ್ನೂ ಕೆಳಗೇ ಇತ್ತು.

* * *

"ಕದ್ದಿಲ್ಲ ಮೇಡಂ." ಲಾಕಪ್ಪಿನಲ್ಲಿ ಲುಯಿ ಮೇಸ್ತ್ರಿ ಅಳುತ್ತಿದ್ದ. "ಮಾಲು ಸಾಲಲಿಲ್ಲ. ಯೌ ಸಾಹೇಬ್ರಿಗೆ ಹೇಳಿದೆ. ಸದ್ಯಕ್ಕೆ ತೆಳ್ಳಗಿಂದು ಹಾಕು, ಆಮೇಲೆ ಬದಲಾಯಿಸೋಣ ಅಂದ್ರು."

"ಕೇಳಿಸಿಕೊಂಡೋರು ಯಾರಾದ್ರೂ?"

"ಯಾರೂ ಇಲ್ಲ. ದಿನಾ ಹಿಂಗಕ್ಕನ ಗಂಜಿ ಕುಡಿದೇ ಮೇಲೆ ಹತ್ತುತ್ತಿದ್ದೆ ಮೇಡಂ ನಾನು..."

ಸಾಕ್ಷಿಯಿಲ್ಲದಿದ್ದರೆ ಅವನಿಗೆ ಜೈಲು ಖಚಿತ. ಮೋಕ್ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿಸಿದಳು. ಒಂದು ಬ್ರಾಕೆಟ್ಟೂ ಸಿಗಲಿಲ್ಲ. ಅವಳಿಗೆ ಮೇಸ್ತ್ರಿಯ ಮೇಲೆ ಕನಿಕರವಿತ್ತು, ಆದರೆ ಕನಿಕರವನ್ನು ಕೋರ್ಟಿನಲ್ಲಿ ಇಡುವಂತಿಲ್ಲ.

* * *

ಮಧ್ಯಾಹ್ನ ಫಂಗ್ ಜೊತೆ ಮತ್ತೆ ಮೇಲೆ ಹೋಗುವಾಗ ಮೋಕ್ ಸುಮ್ಮನೆ ಲಿಫ್ಟಿನ ಗುಂಡಿಗಳನ್ನು ನೋಡುತ್ತಿದ್ದಳು. ಮೂರಾದ ಮೇಲೆ ಐದು. ಹನ್ನೆರಡಾದ ಮೇಲೆ ಹದಿನೈದು, ಹದಿಮೂರೂ ಅಶುಭವೆಂದು. ಇಪ್ಪತ್ತನಾಲ್ಕಿಲ್ಲ, ಮೂವತ್ತನಾಲ್ಕೂ ಇಲ್ಲ. ಹುಟ್ಟಿದಾಗಿನಿಂದ ನೋಡಿದ್ದೇ. ಅದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ.

"ನಿಮ್ಮ ಇಪ್ಪತ್ತೆಂಟು ಎಲ್ಲಿಂದ ಎಣಿಸಿದ್ದು?"

"ನೆಲದಿಂದ, ಒಂದೂ ಬಿಡದೆ. ಗಾಳಿಗೆ ಶುಭ ಅಶುಭ ಎಲ್ಲಿ ಗೊತ್ತಾಗತ್ತೆ ಮೇಡಂ..." ಫಂಗ್‌ಳ ಮಾತು ಅರ್ಧಕ್ಕೇ ನಿಂತಿತು. ಅವಳೂ ಗುಂಡಿಗಳ ಮೇಲೆ ಬೆರಳಿಟ್ಟು ಎಣಿಸತೊಡಗಿದಳು.

* * *

ಸಂಜೆಯ ಹೊತ್ತಿಗೆ ಮೂಲೆಗಳನ್ನೆಲ್ಲ ಬಿಚ್ಚಿಸಿ, ಮೋಕ್ ಯೌನನ್ನು ಕರೆಸಿದಳು.

"ಅಶುಭ ಅಂತ ಸಂಖ್ಯೆಗಳನ್ನ ಬಿಟ್ಟಿದ್ದಕ್ಕೆ, ಇಂಜಿನಿಯರ್ ಲೆಕ್ಕದ ಇಪ್ಪತ್ತೆಂಟು ಈ ಲಿಫ್ಟಲ್ಲಿ ಮೂವತ್ತೆರಡು. ಅಲ್ಲಿಂದ ತುದಿಗೆ ಏಳು ಮಹಡಿ. ಏಳಕ್ಕಾಗುವಷ್ಟೇ ಮಾಲು ಬಂತು. ಮೇಸ್ತ್ರಿ ಲಿಫ್ಟಿನ ಇಪ್ಪತ್ತೆಂಟರಿಂದ್ಲೇ ಶುರು ಮಾಡಿದ. ಮೂವತ್ತೈದಕ್ಕೆ ಮುಗಿದುಹೋಯ್ತು, ಮೇಲಿನ ನಾಲ್ಕಕ್ಕೆ ಉಳೀಲಿಲ್ಲ. ಎಲ್ಲ ಅಲ್ಲೇ ಇದೆ ಯೌ ಅವ್ರೇ. ಕಳ್ಳತನಾನೇ ಆಗಿಲ್ಲ."

"ಹಾಗಾದ್ರೆ ಲೆಕ್ಕದ ತಪ್ಪು. ನಂಗೇನು ಗೊತ್ತಿತ್ತು?"

"ಬೆಳಿಗ್ಗೆ ನೀವೇ 'ನಾಲ್ಕು ಮಹಡಿ ಮಾಲು' ಅಂದ್ರಿ. ಯಾರೂ ಬಾಯಿಬಿಟ್ಟು ಆಡದ ಸಂಖ್ಯೆ, ಅದಕ್ಕೇ ನೆನಪಿದೆ. ಆಗ ನಾವು ನೋಡಿದ್ದು ಒಂದೇ ಮಹಡಿ. ನಾಲ್ಕಕ್ಕೆ ಕಮ್ಮಿ ಬಿದ್ದಿದೆ ಅಂತ ನಿಮಗೆ ಹೇಳಿದ್ಯಾರು?"

"ಮೇಸ್ತ್ರಿನೇ..." ಅಂದವನು ಅಲ್ಲಿಗೇ ತುಟಿ ಕಚ್ಚಿಕೊಂಡ.

"ಅಂದ್ರೆ ಅವನು ಹೇಳಿದ್ದ. ನೀವು ಮುಚ್ಚಿಟ್ರಿ." ಮೋಕ್ ಪೇದೆಗೆ ಸನ್ನೆ ಮಾಡಿದಳು.

* * *

ಬಿಡುಗಡೆಯಾದ ಲುಯಿ ಮೇಸ್ತ್ರಿ ಮನೆಗೆ ಹೋಗಲಿಲ್ಲ, ನೇರ ಕಟ್ಟಡಕ್ಕೇ ಬಂದ.

"ಮೂವತ್ತೈದರ ಮೇಲಿನ ಮಹಡಿಗಳೆಲ್ಲ ಇನ್ನೂ ಹಾಗೇ ಇವೆ ಮೇಡಂ. ಮುಂದಿನ ಗಾಳಿ ಬರೋದ್ರೊಳಗೆ ನಾನೇ ಬದಲಾಯಿಸ್ತೀನಿ. ತೆಳ್ಳಗಿಂದು ಅಂತ ಗೊತ್ತಿದ್ದೇ ಬಿಗಿದ ಕೈ ಇದು."

ಮೋಕ್ ಅವನಿಗಾಗಿ ಲಿಫ್ಟಿನ ಗುಂಡಿ ಒತ್ತಿದಳು.

ಅವನು ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದ. ಒಂದೊಂದು ಮಹಡಿ ದಾಟಿದಾಗಲೂ ಎಣಿಸುವುದು ಕೆಳಗೆ ಕೇಳುತ್ತಿತ್ತು. ಮೂರಕ್ಕೆ ದನಿ ನಿಂತಿತು. ಆಮೇಲೆ, ಯಾರನ್ನೋ ಹೆಸರು ಹಿಡಿದು ಕೂಗುವಂತೆ, ಗಟ್ಟಿಯಾಗಿ ಹೇಳಿದ: "ನಾಲ್ಕು."